ವಿದ್ಯಾರ್ಥಿನಿಲಯವನ್ನೇ ಮನೆಯಾಗಿಸಿಕೊಂಡ ಮಹನೀಯ ಡಾ. ಎಚ್. ನರಸಿಂಹಯ್ಯ

ಕನ್ನಡ ನಾಡಿನ ವಿದ್ಯಾಪ್ರಸಾರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಾಲೆ ಕಾಲೇಜುಗಳು ಸ್ಥಾಪನೆಯಾದ ವರ್ಷಗಳನ್ನೂ, ಅವುಗಳ ಕಟ್ಟಡಗಳನ್ನೂ, ಅಲ್ಲಿ ಬೋಧಿಸಿದ ವಿದ್ವಾಂಸರ ಹೆಸರುಗಳನ್ನೂ ದಾಖಲಿಸುತ್ತಾರೆ. ಇವೆಲ್ಲವೂ ಅಗತ್ಯವಾದ ಸಂಗತಿಗಳೇ. ಆದರೆ ಹಳ್ಳಿಯ ಬಡ ಹುಡುಗನೊಬ್ಬ ಪಟ್ಟಣದ ಕಾಲೇಜಿನ ಮೆಟ್ಟಿಲನ್ನು ಹತ್ತಬೇಕಾದರೆ ಅದಕ್ಕೆ ಮೊದಲು ಅವನಿಗೆ ಎರಡು ಹೊತ್ತಿನ ಊಟವೂ, ರಾತ್ರಿ ಮಲಗುವುದಕ್ಕೆ ಒಂದು ಚಾಪೆಯ ಸ್ಥಳವೂ, ಓದುವುದಕ್ಕೆ ಒಂದು ದೀಪವೂ ದೊರೆಯಬೇಕಾಗಿತ್ತು. ಇವುಗಳನ್ನು ಒದಗಿಸಿದ ವಿದ್ಯಾರ್ಥಿನಿಲಯಗಳ ಕಥೆ ಇತಿಹಾಸದ ಪುಟಗಳಲ್ಲಿ ಬಹಳ ಮಟ್ಟಿಗೆ ಮರೆಯಾಗಿಯೇ ಉಳಿದಿದೆ. ಆ ನಿಲಯಗಳಲ್ಲಿ ಮಕ್ಕಳ ನಡುವೆಯೇ ವಾಸವಾಗಿದ್ದು ಅವರ ಕಷ್ಟಸುಖಗಳನ್ನು ವಿಚಾರಿಸಿಕೊಂಡ ಹಿರಿಯರ ಕಥೆಯಂತೂ ಇನ್ನಷ್ಟು ಮರೆಯಾಗಿದೆ.

ಅನ್ನದಾನ ಮತ್ತು ವಿದ್ಯಾದಾನಗಳನ್ನು ಒಂದೇ ಸೂರಿನಡಿ ತಂದ ಕೀರ್ತಿ ನಮ್ಮ ನಾಡಿನ ಮಠಗಳಿಗೂ ಧರ್ಮಿಷ್ಠರಿಗೂ ಸಲ್ಲುತ್ತದೆ. ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು ತಮ್ಮ ವ್ಯಾಪಾರದ ಗಳಿಕೆಯನ್ನು ಮುಡಿಪಿಟ್ಟು ಬೆಂಗಳೂರಿನ ರೈಲು ನಿಲ್ದಾಣದ ಎದುರಿನಲ್ಲಿ ಕಟ್ಟಿಸಿದ ಛತ್ರವು ೧೯೦೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅಮೃತಹಸ್ತದಿಂದ ಪ್ರಾರಂಭವಾಯಿತು. ಅದರೊಡನೆ ಬೆಳೆದ ವಿದ್ಯಾರ್ಥಿನಿಲಯದಲ್ಲಿ ಆಶ್ರಯ ಪಡೆದು ಸೆಂಟ್ರಲ್ ಕಾಲೇಜಿನಲ್ಲಿ ಓದಿದ ತರುಣನೊಬ್ಬರು ಮುಂದೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳಾಗಿ ಲಕ್ಷಾಂತರ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದರು. ಚಿತ್ರದುರ್ಗದ ಶ್ರೀ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳು ಊರೂರುಗಳಲ್ಲಿ ಉಚಿತ ಪ್ರಸಾದ ನಿಲಯಗಳಿಗೆ ಆಧಾರವಾದರು. ತುಂಗಭದ್ರೆಯ ದಂಡೆಯ ಹೊನ್ನಾಳಿ ನ್ಯಾಮತಿ ಸೀಮೆಯಿಂದ, ಗೋವಿನಕೋವಿಯಂತಹ ಹಳ್ಳಿಗಳಿಂದ ಶಿವಮೊಗ್ಗೆಗೋ ದಾವಣಗೆರೆಗೋ ಓದಲು ಹೋದ ಮಕ್ಕಳಿಗೆ ಇಂತಹ ನಿಲಯಗಳ ಬೆಲೆ ಏನೆಂಬುದನ್ನು ಬೇರೆಯಾಗಿ ತಿಳಿಸಬೇಕಾಗಿಲ್ಲ.

ವಿದ್ಯಾರ್ಥಿನಿಲಯದ ಆಶ್ರಯವನ್ನು ಪಡೆದು ಓದಿ, ದೊಡ್ಡ ಪದವಿಗೇರಿ, ಆ ನಿಲಯವನ್ನು ಕೃತಜ್ಞತೆಯಿಂದ ನೆನೆದವರು ಅನೇಕರಿದ್ದಾರೆ. ಆದರೆ ಎಷ್ಟು ದೊಡ್ಡ ಪದವಿಗೇರಿದರೂ ಅಲ್ಲಿಂದ ಹೊರಗೆ ಕಾಲಿಡದೆ, ಸ್ವಂತ ಮನೆಯನ್ನೂ ಸಂಸಾರವನ್ನೂ ಕಟ್ಟಿಕೊಳ್ಳದೆ, ವಿದ್ಯಾರ್ಥಿಗಳ ನಡುವಿನ ಒಂದು ಕೊಠಡಿಯಲ್ಲಿಯೇ ಬಾಳನ್ನು ಸವೆಸಿದವರು ವಿರಳ. ಅಂತಹ ವಿರಳರಲ್ಲಿ ಅಗ್ರಗಣ್ಯರು ಡಾ. ಎಚ್. ನರಸಿಂಹಯ್ಯನವರು. ಭೌತವಿಜ್ಞಾನದ ಪ್ರಾಧ್ಯಾಪಕರಾಗಿ, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ನಾಡಿಗೆಲ್ಲ ಪರಿಚಿತರಾಗಿದ್ದ ಅವರನ್ನು ಜನರು ಅಕ್ಕರೆಯಿಂದ ಎಚ್ಚೆನ್ ಎಂದು ಕರೆಯುತ್ತಿದ್ದರು. ಅವರು ಕಣ್ಮರೆಯಾಗಿ ಎರಡು ದಶಕಗಳು ಮೀರಿವೆ. ಅವರನ್ನು ಕಣ್ಣಾರೆ ಕಾಣದ ಒಂದು ತಲೆಮಾರು ಇಂದು ಶಾಲೆಗಳಲ್ಲಿ ಓದುತ್ತಿದೆ. ಆ ತಲೆಮಾರಿಗೆ ಅವರ ಜೀವನಚರಿತ್ರೆಯ ಪರಿಚಯವಾಗುವುದು ಅವಶ್ಯಕ.

ಬಾಲ್ಯ ಮತ್ತು ವಿದ್ಯಾಭ್ಯಾಸ

ನರಸಿಂಹಯ್ಯನವರು ಜನಿಸಿದುದು ೧೯೨೦ರ ಜೂನ್ ೬ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂಬ ಗ್ರಾಮದಲ್ಲಿ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಆ ಪ್ರದೇಶ ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಮಳೆಯನ್ನೇ ನಂಬಿದ ಬರಡು ಸೀಮೆ; ವರ್ಷವಿಡೀ ಹರಿಯುವ ನದಿಯ ನೀರಿನ ಭಾಗ್ಯವಿಲ್ಲದ ನೆಲ. ತಂದೆ ಹನುಮಂತಪ್ಪನವರು, ತಾಯಿ ವೆಂಕಟಮ್ಮನವರು. ಮನೆಯಲ್ಲಿ ಕಡುಬಡತನ. ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಜಾತಿಯ ಬಲವಾಗಲಿ, ಆಸ್ತಿಯ ಬಲವಾಗಲಿ, ಓದಿದ ಬಂಧುಗಳ ಬಲವಾಗಲಿ ಆ ಬಾಲಕನ ಬೆನ್ನಿಗಿರಲಿಲ್ಲ. ಬುದ್ಧಿಯೊಂದೇ ಇದ್ದ ಬಂಡವಾಳ.

ಊರಿನ ಶಾಲೆಯ ಓದು ಮುಗಿದ ಮೇಲೆ ಮುಂದೆ ಓದುವುದಕ್ಕೆ ಹೊಸೂರಿನಲ್ಲಿ ಪ್ರೌಢಶಾಲೆ ಇರಲಿಲ್ಲ. ಅಂದಿನ ದಿನಗಳಲ್ಲಿ ಇಂತಹ ಸ್ಥಿತಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ಹುಡುಗ ದನ ಮೇಯಿಸುವುದಕ್ಕೋ ಕೂಲಿಗೋ ಹೊರಡುತ್ತಿದ್ದ. ಆದರೆ ಹೊಸೂರಿನಲ್ಲಿ ಪಾಠ ಹೇಳಿದ್ದ ಗುರುಗಳೊಬ್ಬರು ಈ ಹುಡುಗನ ಬುದ್ಧಿಶಕ್ತಿಯನ್ನು ಗುರುತಿಸಿದ್ದರು. ಅವರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದು ಸೇರುವಂತೆ ಪ್ರೋತ್ಸಾಹಿಸಿದರು. ಬಸ್ಸಿಗೆ ಕೊಡಲು ಹಣವಿರಲಿಲ್ಲ. ಹದಿನೈದು ವರ್ಷದ ಬಾಲಕ ೧೯೩೫ರಲ್ಲಿ ಹೊಸೂರಿನಿಂದ ಬೆಂಗಳೂರಿಗೆ ಸುಮಾರು ೮೦ ಕಿಲೋಮೀಟರ್ ದೂರವನ್ನು ನಡೆದೇ ಕ್ರಮಿಸಿದನು. ಈ ನಡಿಗೆ ಅವರ ಜೀವನದ ದಿಕ್ಕನ್ನೇ ಬದಲಿಸಿತು. ಮುಂದೆ ಅವರು ಗಳಿಸಿದ ಪದವಿಗಳೆಲ್ಲ ಆ ಹಾದಿಯ ಮುಂದುವರಿಕೆಯೇ ಆಗಿದ್ದವು ಎಂದರೆ ತಪ್ಪಾಗಲಾರದು.

ಆ ಬಾಲಕ ಸೇರಿದ ಶಾಲೆಯೂ ಸಾಮಾನ್ಯವಾದುದಾಗಿರಲಿಲ್ಲ. ಹೋಂ ರೂಲ್ ಚಳವಳಿಯ ಕಾಲದಲ್ಲಿ, ಆನಿ ಬೆಸೆಂಟ್ ಅವರ ಪ್ರೇರಣೆಯಿಂದ ೧೯೧೭ರಲ್ಲಿ ಹುಟ್ಟಿದ ಸಂಸ್ಥೆ ಅದು. ಪರಕೀಯರ ಆಳ್ವಿಕೆಗೆ ಗುಮಾಸ್ತರನ್ನು ಸಿದ್ಧಪಡಿಸದೆ ದೇಶಕ್ಕೆ ಪ್ರಜೆಗಳನ್ನು ಸಿದ್ಧಪಡಿಸಬೇಕೆಂಬ ಹಂಬಲ ಅದರ ಹಿಂದಿತ್ತು. ೧೯೩೬ರಲ್ಲಿ ಮಹಾತ್ಮಾ ಗಾಂಧಿಯವರು ಆ ಶಾಲೆಗೆ ಭೇಟಿಯಿತ್ತಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಭಾಗ್ಯ ವಿದ್ಯಾರ್ಥಿ ನರಸಿಂಹಯ್ಯನದಾಯಿತು. ಒಂದು ವರ್ಷದ ಹಿಂದೆ ಬರಿಗೈಯಲ್ಲಿ ನಡೆದು ಬಂದ ಹಳ್ಳಿಯ ಹುಡುಗ ರಾಷ್ಟ್ರಪಿತನ ಪಕ್ಕದಲ್ಲಿ ನಿಂತಿದ್ದನು. ಅಂದಿನಿಂದ ಗಾಂಧೀಜಿಯವರ ಪ್ರಭಾವ ಅವರ ಉಡುಪಿನಲ್ಲಿ, ಊಟದಲ್ಲಿ, ನಡೆನುಡಿಯಲ್ಲಿ ಕೊನೆಯವರೆಗೂ ಉಳಿಯಿತು. ಖಾದಿಯ ಪಂಚೆ, ಜುಬ್ಬ ಮತ್ತು ಬಿಳಿಯ ಟೋಪಿ ಅವರ ಗುರುತೇ ಆಗಿಹೋದವು.

ಪ್ರೌಢಶಾಲೆಯ ನಂತರ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ತರಗತಿಯನ್ನು ಸೇರಿದರು. ೧೯೪೨ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಕರೆ ಬಂದಾಗ ಓದನ್ನು ಬದಿಗಿರಿಸಿ ಚಳವಳಿಗೆ ಧುಮುಕಿದರು. ಬಂಧನಕ್ಕೊಳಗಾಗಿ ಸೆರೆಮನೆಯ ವಾಸವನ್ನು ಅನುಭವಿಸಿದರು. ಬಡ ಮನೆಯ ಹುಡುಗನಿಗೆ ಓದೇ ಏಕೈಕ ಆಸರೆಯಾಗಿದ್ದಾಗ ಅದನ್ನೇ ಪಣಕ್ಕೊಡ್ಡುವುದು ಎಂತಹ ಸಾಹಸವೆಂಬುದನ್ನು ಇಂದಿನ ವಿದ್ಯಾರ್ಥಿಗಳು ಯೋಚಿಸಿ ನೋಡಬೇಕು. ಬಿಡುಗಡೆಯಾದ ಬಳಿಕ ಮತ್ತೆ ಕಾಲೇಜಿಗೆ ಮರಳಿ, ನಿಂತಿದ್ದ ಓದನ್ನು ಮುಂದುವರಿಸಿ, ೧೯೪೬ರಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದರು.

ನಿಲಯದ ಹಿರಿಯಣ್ಣ

ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜು ಪ್ರಾರಂಭವಾದುದು ೧೯೪೫ರಲ್ಲಿ. ಮರುವರ್ಷವೇ ನರಸಿಂಹಯ್ಯನವರು ಅಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿ ಸೇರಿದರು. ತಮ್ಮನ್ನು ಸಲಹಿದ ಸಂಸ್ಥೆಗೇ ದುಡಿಯಬೇಕೆಂಬುದು ಅವರ ಸಂಕಲ್ಪವಾಗಿತ್ತು. ಮೊದಲ ದರ್ಜೆಯ ವಿಜ್ಞಾನ ಪದವೀಧರರು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಸರ್ಕಾರಿ ಹುದ್ದೆಗಳ ಬಾಗಿಲು ಇಂತಹವರಿಗೆ ತೆರೆದೇ ಇತ್ತು. ಆದರೂ ಅವರು ಖಾಸಗಿ ಸಂಸ್ಥೆಯೊಂದರ ಅಲ್ಪ ಸಂಬಳದ ಕೆಲಸವನ್ನು ಒಪ್ಪಿಕೊಂಡರು. ವಾಸಕ್ಕೆ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಒಂದು ಕೊಠಡಿ. ವಿವಾಹದ ಯೋಚನೆಯನ್ನು ಬಿಟ್ಟ ಅವರಿಗೆ ಆ ನಿಲಯದ ಹುಡುಗರೇ ಸಂಸಾರವಾದರು.

ವಿದ್ಯಾರ್ಥಿನಿಲಯದಲ್ಲಿ ಮಕ್ಕಳೊಡನೆ ವಾಸಿಸುವ ಹಿರಿಯನ ಕಾಯಕ ಹೊರಗಿನವರಿಗೆ ಕಾಣುವಷ್ಟು ಸುಲಭವಾದುದಲ್ಲ. ತರಗತಿಯಲ್ಲಿ ಬೋಧಿಸುವ ಅಧ್ಯಾಪಕನ ಕೆಲಸ ಗಂಟೆ ಬಾರಿಸಿದೊಡನೆ ಮುಗಿಯುತ್ತದೆ. ನಿಲಯದಲ್ಲಿರುವವನಿಗೆ ಗಂಟೆಯೇ ಇಲ್ಲ. ಅಡುಗೆಯವನು ಬಾರದ ದಿನ ಊಟದ ಚಿಂತೆ ಅವನದು. ನಡುರಾತ್ರಿ ಹುಡುಗನೊಬ್ಬನಿಗೆ ಜ್ವರವೇರಿದರೆ ವೈದ್ಯರಲ್ಲಿಗೆ ಓಡುವ ಹೊಣೆ ಅವನದು. ಪರೀಕ್ಷೆಯ ಶುಲ್ಕ ಕಟ್ಟಲಾಗದೆ ಮೂಲೆಯಲ್ಲಿ ಕುಳಿತು ಕಣ್ಣೀರಿಡುವವನನ್ನು ಗುರುತಿಸಬೇಕಾದವನೂ ಅವನೇ. ಹಳ್ಳಿಯಿಂದ ಹೊಸದಾಗಿ ಬಂದವನ ಅಂಜಿಕೆ, ಅನುತ್ತೀರ್ಣನಾದವನ ಅವಮಾನ, ಇಬ್ಬರ ನಡುವಿನ ಜಗಳ, ಜಾತಿಯ ಹೆಸರಿನಲ್ಲಿ ಏಳುವ ಪಂಕ್ತಿಯ ಮಾತು, ಇವೆಲ್ಲಕ್ಕೂ ಅವನು ಕಿವಿಯಾಗಬೇಕು. ಹೆಚ್ಚು ಸಲುಗೆ ಕೊಟ್ಟರೆ ಶಿಸ್ತು ಕೆಡುತ್ತದೆ. ಹೆಚ್ಚು ಬಿಗಿ ಹಿಡಿದರೆ ಮಕ್ಕಳು ಮನಸ್ಸನ್ನು ಮುಚ್ಚಿಕೊಳ್ಳುತ್ತಾರೆ. ತಂದೆಯ ಗಾಂಭೀರ್ಯವೂ ಅಣ್ಣನ ಸ್ನೇಹವೂ ಒಬ್ಬನಲ್ಲಿಯೇ ಕೂಡಿದಾಗ ಮಾತ್ರ ಆ ಕಾಯಕ ಸಾರ್ಥಕವಾಗುತ್ತದೆ.

ನರಸಿಂಹಯ್ಯನವರಲ್ಲಿ ಈ ಎರಡೂ ಗುಣಗಳು ಸಹಜವಾಗಿ ಕೂಡಿದ್ದವು. ಬಡತನ ಎಂದರೇನೆಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವರ ಕೊಠಡಿಯ ಸರಳತೆಯನ್ನು ಕಂಡ ವಿದ್ಯಾರ್ಥಿಗಳಿಗೆ ಮಿತವ್ಯಯದ ಬಗ್ಗೆ ಪ್ರತ್ಯೇಕವಾದ ಉಪದೇಶ ಬೇಕಾಗಲಿಲ್ಲ. ಅವರ ಹಾಸ್ಯಪ್ರವೃತ್ತಿ ಹೆಸರಾಂತುದು. ಎಂತಹ ಗಂಭೀರ ಸಭೆಯನ್ನೂ ನಗೆಗಡಲಿನಲ್ಲಿ ಮುಳುಗಿಸಬಲ್ಲವರಾಗಿದ್ದರು. ಉಪ್ಪಿಟ್ಟಿನ ಮೇಲೆ ಅವರಿಗಿದ್ದ ಪ್ರೀತಿಯೂ ಅಷ್ಟೇ ಹೆಸರಾಂತುದು. ಅಗ್ಗವಾದ, ಬೇಗ ಸಿದ್ಧವಾಗುವ, ಎಲ್ಲರೂ ಕೂಡಿ ಉಣ್ಣಬಹುದಾದ ಆ ತಿಂಡಿ ಅವರ ಬದುಕಿನ ರೀತಿಗೆ ತಕ್ಕುದಾಗಿಯೇ ಇತ್ತು.

ಶರಣರು ಕಾಯಕ ಮತ್ತು ದಾಸೋಹಗಳನ್ನು ಬೇರ್ಪಡಿಸಲಿಲ್ಲ. ದುಡಿಮೆಯ ಫಲವನ್ನು ತನಗೆ ಬೇಕಾದಷ್ಟು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಸಮಾಜಕ್ಕೆ ಸಮರ್ಪಿಸಬೇಕೆಂಬುದು ಆ ತತ್ತ್ವದ ಸಾರ. ನರಸಿಂಹಯ್ಯನವರು ಆ ಪರಿಭಾಷೆಯನ್ನು ಬಳಸಿದವರಲ್ಲ. ಯಾವ ಮತದ ಚೌಕಟ್ಟಿನೊಳಗೂ ತಮ್ಮನ್ನು ಇರಿಸಿಕೊಂಡವರೂ ಅಲ್ಲ. ಆದರೆ ಸಂಬಳದಲ್ಲಿ ತಮ್ಮ ಅಲ್ಪಸ್ವಲ್ಪ ಖರ್ಚನ್ನು ಕಳೆದು ಉಳಿದುದನ್ನು ಸಂಸ್ಥೆಗೂ ವಿದ್ಯಾರ್ಥಿಗಳಿಗೂ ನೀಡಿದ ಅವರ ಬಾಳು ಆ ತತ್ತ್ವಕ್ಕೆ ಹಿಡಿದ ಕನ್ನಡಿಯಂತಿತ್ತು.

ವಿದೇಶದ ವ್ಯಾಸಂಗ

ಅಧ್ಯಾಪಕರಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದ ನಂತರ ಅವರು ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದರು. ಕೊಲಂಬಸ್ ನಗರದಲ್ಲಿರುವ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಿ ೧೯೬೦ರಲ್ಲಿ ಪಿಎಚ್.ಡಿ. ಪದವಿಯನ್ನು ಪಡೆದರು. ಹೊಸೂರಿನ ಹುಡುಗ ಈ ಬಾರಿ ಸಾಗರಗಳನ್ನೇ ದಾಟಿದ್ದನು.

ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿನಿಲಯಗಳ ವ್ಯವಸ್ಥೆ ನಮ್ಮಲ್ಲಿಗಿಂತ ಬೇರೆ ಬಗೆಯದು. ನೂರಾರು ವಿದ್ಯಾರ್ಥಿಗಳು ವಾಸಿಸುವ ದೊಡ್ಡ ಕಟ್ಟಡಗಳಲ್ಲಿ ಪ್ರತಿಯೊಂದು ಅಂತಸ್ತಿಗೂ ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಸಹಾಯಕನನ್ನಾಗಿ ನೇಮಿಸುತ್ತಾರೆ. ಕಿರಿಯರ ಯೋಗಕ್ಷೇಮವನ್ನು ನೋಡಿಕೊಳ್ಳುವುದು, ನಿಯಮಗಳನ್ನು ಪಾಲಿಸುವಂತೆ ತಿಳಿಯಹೇಳುವುದು, ಕಷ್ಟದಲ್ಲಿರುವವರನ್ನು ತಕ್ಕವರ ಬಳಿಗೆ ಕರೆದೊಯ್ಯುವುದು ಅವನ ಕರ್ತವ್ಯ. ಇದಕ್ಕೆ ಪ್ರತಿಯಾಗಿ ಅವನಿಗೆ ವಸತಿಯೋ ಊಟವೋ ಉಚಿತವಾಗಿ ದೊರೆಯುತ್ತದೆ. ಹಣವಿಲ್ಲದ ಎಷ್ಟೋ ತರುಣರು ಈ ಕೆಲಸದ ಬಲದಿಂದಲೇ ಪದವಿಯನ್ನು ಮುಗಿಸುತ್ತಾರೆ. ಹೆಸರು ಬೇರೆಯಾದರೂ ನಮ್ಮ ಪ್ರಸಾದ ನಿಲಯಗಳಲ್ಲಿ ದೊಡ್ಡ ತರಗತಿಯ ಹುಡುಗರು ಚಿಕ್ಕವರಿಗೆ ಬಡಿಸುವ, ಪಾಠ ಹೇಳಿಕೊಡುವ ಪದ್ಧತಿಗೂ ಇದಕ್ಕೂ ತಿರುಳಿನಲ್ಲಿ ಭೇದವಿಲ್ಲ. ಅಲ್ಲಿ ಆ ಕೆಲಸ ಓದು ಮುಗಿಯುವವರೆಗಿನದು. ನರಸಿಂಹಯ್ಯನವರು ಅದನ್ನು ಜೀವನಪರ್ಯಂತದ ವ್ರತವನ್ನಾಗಿ ಮಾಡಿಕೊಂಡರು.

ಪರಮಾಣು ವಿಜ್ಞಾನದಲ್ಲಿ ಪದವಿ ಪಡೆದವರಿಗೆ ಆ ಕಾಲದಲ್ಲಿ ಅಮೆರಿಕದಲ್ಲಿ ಅವಕಾಶಗಳ ಕೊರತೆಯಿರಲಿಲ್ಲ. ಸಂಪತ್ತು, ಸೌಕರ್ಯ, ಸಂಶೋಧನೆಯ ಕೀರ್ತಿ ಇವೆಲ್ಲವೂ ಅಲ್ಲಿದ್ದವು. ಇಲ್ಲಿ ಇದ್ದುದು ಬಸವನಗುಡಿಯ ಒಂದು ಕೊಠಡಿ. ಅವರು ಆ ಕೊಠಡಿಗೇ ಹಿಂದಿರುಗಿದರು. ವಿದೇಶದಿಂದ ಬಂದವರ ಉಡುಪು, ಮಾತು, ಮನೆಗಳು ಬದಲಾಗುವುದು ರೂಢಿ. ಅವರಲ್ಲಿ ಅಂತಹ ಬದಲಾವಣೆಯನ್ನು ಯಾರೂ ಕಾಣಲಿಲ್ಲ. ಖಾದಿಯೂ ಟೋಪಿಯೂ ಹಾಗೆಯೇ ಉಳಿದವು.

ಪ್ರಾಂಶುಪಾಲರು ಮತ್ತು ಕುಲಪತಿಗಳು

೧೯೬೧ರಲ್ಲಿ ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. ಮುಂದಿನ ಹನ್ನೊಂದು ವರ್ಷಗಳಲ್ಲಿ ಆ ಕಾಲೇಜು ನಾಡಿನ ಶ್ರೇಷ್ಠ ಕಾಲೇಜುಗಳ ಸಾಲಿನಲ್ಲಿ ನಿಂತಿತು. ಪಾಠಪ್ರವಚನಗಳಷ್ಟೇ ವಿದ್ಯೆಯಲ್ಲವೆಂಬುದು ಅವರ ದೃಢವಾದ ನಂಬಿಕೆ. ೧೯೬೨ರಲ್ಲಿ ಅವರು ಹುಟ್ಟುಹಾಕಿದ ಬೆಂಗಳೂರು ಸೈನ್ಸ್ ಫೋರಂ ಪ್ರತಿ ಬುಧವಾರ ವಿಜ್ಞಾನದ ಉಪನ್ಯಾಸವನ್ನು ಏರ್ಪಡಿಸುವ ಪರಿಪಾಠವನ್ನು ಬೆಳೆಸಿತು. ದೊಡ್ಡ ದೊಡ್ಡ ವಿಜ್ಞಾನಿಗಳು ಆ ವೇದಿಕೆಗೆ ಬಂದು ಸಾಮಾನ್ಯ ಜನರಿಗೂ ವಿದ್ಯಾರ್ಥಿಗಳಿಗೂ ತಿಳಿಯುವಂತೆ ಮಾತನಾಡಿದರು. ಪ್ರವೇಶಕ್ಕೆ ಹಣವಿಲ್ಲ, ಅಂತಸ್ತಿನ ಭೇದವಿಲ್ಲ. ಕಲೆಗಳ ವಿಷಯದಲ್ಲಿಯೂ ಅವರದು ಇದೇ ಧೋರಣೆ. ಬೆಂಗಳೂರು ಲಲಿತಕಲಾ ಪರಿಷತ್ತಿನ ಮೂಲಕ ಸಂಗೀತ, ನಾಟಕಗಳು ಕಾಲೇಜಿನ ಅಂಗಳಕ್ಕೆ ಬಂದವು. ಹಳ್ಳಿಯ ಹುಡುಗನೂ ನಗರದ ಹುಡುಗನೂ ಒಂದೇ ಸಾಲಿನಲ್ಲಿ ಕುಳಿತು ಅವುಗಳನ್ನು ಸವಿದರು.

೧೯೭೨ರಲ್ಲಿ ಅವರನ್ನು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳನ್ನಾಗಿ ನೇಮಿಸಲಾಯಿತು. ಕಾಲೇಜಿನ ಪ್ರಾಂಶುಪಾಲರೊಬ್ಬರು ನೇರವಾಗಿ ಆ ಸ್ಥಾನಕ್ಕೇರಿದುದು ಅಂದಿಗೆ ಗಮನಾರ್ಹವಾದ ಸಂಗತಿ. ೧೯೭೭ರವರೆಗೆ ಅವರು ಆ ಹುದ್ದೆಯಲ್ಲಿದ್ದರು. ನಗರದ ಹೊರವಲಯದ ವಿಶಾಲ ನಿವೇಶನದಲ್ಲಿ ಜ್ಞಾನಭಾರತಿ ಎಂಬ ಹೊಸ ಆವರಣ ಬೆಳೆದುದು ಅವರ ಅಧಿಕಾರಾವಧಿಯಲ್ಲಿ. ಸಂಗೀತ, ನೃತ್ಯ, ನಾಟಕಗಳಿಗೆ ವಿಶ್ವವಿದ್ಯಾನಿಲಯದಲ್ಲಿ ಪ್ರತ್ಯೇಕ ಸ್ಥಾನ ದೊರೆತುದೂ ಆಗಲೇ. ಕುಲಪತಿಗಳ ಪದವಿಗೆ ತಕ್ಕ ವೈಭವ ಅವರನ್ನು ಬದಲಿಸಲಿಲ್ಲ. ಅವರ ಮನೆ ಎಂದರೆ ಎಂದಿನಂತೆ ವಿದ್ಯಾರ್ಥಿನಿಲಯವೇ. ಗುರುಕುಲದಲ್ಲಿ ಶಿಷ್ಯರನ್ನು ಪೋಷಿಸಿ ಬೋಧಿಸುವವನಿಗೆ ಕುಲಪತಿ ಎಂಬ ಹೆಸರು ಸಲ್ಲುತ್ತಿತ್ತೆಂದು ಹಿಂದಿನವರು ಹೇಳುತ್ತಾರೆ. ಆ ಹಳೆಯ ಅರ್ಥದಲ್ಲಿಯೂ ಆ ಪದವಿ ಅವರಿಗೆ ಒಪ್ಪುವಂತಿತ್ತು.

ಪ್ರಶ್ನಿಸುವ ಮನಸ್ಸು

ನರಸಿಂಹಯ್ಯನವರ ಜೀವನದಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಗುರಿಯಾದ ಸಂಗತಿಯೆಂದರೆ ೧೯೭೬ರಲ್ಲಿ ವಿಶ್ವವಿದ್ಯಾನಿಲಯದ ವತಿಯಿಂದ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿ. ಪವಾಡಗಳನ್ನೂ, ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸುವುದು ಅದರ ಉದ್ದೇಶ. ಆ ಕಾಲದಲ್ಲಿ ದೇಶ ವಿದೇಶಗಳಲ್ಲಿ ಅಸಂಖ್ಯ ಭಕ್ತರನ್ನು ಹೊಂದಿದ್ದ ಬಾಬಾ ಒಬ್ಬರಿಗೆ ಸಮಿತಿಯ ಪರವಾಗಿ ಅವರು ಪತ್ರಗಳನ್ನು ಬರೆದು, ಪರೀಕ್ಷೆಗೆ ಒಪ್ಪುವಂತೆ ವಿನಂತಿಸಿಕೊಂಡರು. ಅದಕ್ಕೆ ಸಮ್ಮತಿ ದೊರೆಯಲಿಲ್ಲ. ನಾಡಿನಾದ್ಯಂತ ಪತ್ರಿಕೆಗಳಲ್ಲಿ ವಾದ ಪ್ರತಿವಾದಗಳು ಎದ್ದವು. ವಿಶ್ವವಿದ್ಯಾನಿಲಯಕ್ಕೆ ಇಂತಹ ಕೆಲಸ ಸಲ್ಲದೆಂದು ಅನೇಕರು ಆಕ್ಷೇಪಿಸಿದರು; ಇದೇ ವಿಶ್ವವಿದ್ಯಾನಿಲಯದ ನಿಜವಾದ ಕರ್ತವ್ಯವೆಂದು ಇನ್ನು ಕೆಲವರು ಬೆಂಬಲಿಸಿದರು. ೧೯೭೭ರಲ್ಲಿ ಸಮಿತಿಯ ಕಾರ್ಯ ಕೊನೆಗೊಂಡಿತು.

ಈ ಪ್ರಕರಣದಲ್ಲಿ ಅವರು ಎದುರಿಸಿದ ವಿರೋಧ ಸಾಮಾನ್ಯವಾದುದಲ್ಲ. ಪ್ರಭಾವಶಾಲಿಗಳಾದ ಅಧಿಕಾರಿಗಳೂ, ರಾಜಕಾರಣಿಗಳೂ, ವಿದ್ವಾಂಸರೂ ಆ ಬಾಬಾ ಅವರ ಭಕ್ತರಾಗಿದ್ದ ಕಾಲವದು. ಕುಲಪತಿಯಾದವನು ಮೌನವಾಗಿದ್ದರೆ ಅವನ ಗೌರವಕ್ಕೆ ಕುಂದಿರಲಿಲ್ಲ. ಆದರೆ ತರಗತಿಯಲ್ಲಿ ಕಾರ್ಯಕಾರಣ ಸಂಬಂಧವನ್ನು ಬೋಧಿಸಿ, ಹೊರಗೆ ಬಂದು ಅದಕ್ಕೆ ವಿರುದ್ಧವಾದುದನ್ನು ಕೈಮುಗಿದು ಒಪ್ಪಿಕೊಳ್ಳುವುದು ಅಧ್ಯಾಪಕನಿಗೆ ತಕ್ಕುದಲ್ಲವೆಂಬುದು ಅವರ ನಿಲುವು. ಯಾವುದನ್ನೂ ವಿಚಾರಿಸದೆ ಒಪ್ಪಬಾರದೆಂದು ಅವರು ವಿದ್ಯಾರ್ಥಿಗಳಿಗೆ ಸದಾ ತಿಳಿಸುತ್ತಿದ್ದರು. ತಮ್ಮ ಮಾತಿಗೂ ಈ ನಿಯಮ ಅನ್ವಯಿಸುತ್ತದೆಂಬ ಅರಿವು ಅವರಿಗಿತ್ತು.

ಮಠಮಾನ್ಯಗಳ ಪರಿಸರದಲ್ಲಿ ಬೆಳೆಯುವ ವಿದ್ಯಾರ್ಥಿಗಳಿಗೆ ಈ ಸಂಗತಿ ಅಸಮಂಜಸವೆಂದು ತೋರಬಹುದು. ಆಳವಾಗಿ ಆಲೋಚಿಸಿದರೆ ಹಾಗೆ ತೋರಬೇಕಾದ ಕಾರಣವಿಲ್ಲ. ಹನ್ನೆರಡನೆಯ ಶತಮಾನದ ಶರಣರು ಶಕುನ, ಮುಹೂರ್ತ, ಜಾತಿಯ ಮೈಲಿಗೆ, ಕ್ಷುದ್ರದೈವಗಳ ಭಯ ಇವುಗಳನ್ನು ನಿರ್ದಾಕ್ಷಿಣ್ಯವಾಗಿ ಪ್ರಶ್ನಿಸಿದರು. ಅನುಭವ ಮಂಟಪವು ಒಪ್ಪಿಸುವ ಸ್ಥಳವಾಗಿರದೆ ವಿಚಾರಿಸುವ ಸ್ಥಳವಾಗಿತ್ತು. ಶರಣರ ಪ್ರಶ್ನೆ ಭಕ್ತಿಯ ಬುನಾದಿಯಿಂದ ಎದ್ದಿತು. ನರಸಿಂಹಯ್ಯನವರ ಪ್ರಶ್ನೆ ವಿಜ್ಞಾನದ ಬುನಾದಿಯಿಂದ ಎದ್ದಿತು. ಇವೆರಡರ ನಡುವಿನ ಅಂತರವನ್ನು ಮರೆಮಾಚಬೇಕಾಗಿಲ್ಲ. ಆದರೆ ಬಡವನನ್ನು ಮೋಸದಿಂದಲೂ ಭಯದಿಂದಲೂ ಬಿಡಿಸಬೇಕೆಂಬ ಕಳಕಳಿ ಎರಡರಲ್ಲಿಯೂ ಇತ್ತು. ಸುಳ್ಳು ನಂಬಿಕೆಗೆ ಮೊದಲು ಬಲಿಯಾಗುವವರು ಓದಿಲ್ಲದ ಬಡವರೇ ಎಂಬುದನ್ನು ಹೊಸೂರಿನಿಂದ ಬಂದ ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಹಿಂದಿರುಗಿ ಹಳ್ಳಿಗೆ

ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ನರಸಿಂಹಯ್ಯನವರು ಮಾಡಿದ ಸೇವೆ ಅವರ ಬಾಳಿನ ಇನ್ನೊಂದು ಮುಖ್ಯವಾದ ಅಧ್ಯಾಯ. ಬೆಂಗಳೂರಿನ ಜಯನಗರದಲ್ಲಿ ಮಾತ್ರವಲ್ಲದೆ ಗೌರಿಬಿದನೂರು, ಬಾಗೇಪಲ್ಲಿಗಳಂತಹ ಹಿಂದುಳಿದ, ಬರಪೀಡಿತ ತಾಲ್ಲೂಕುಗಳಲ್ಲಿಯೂ ಕಾಲೇಜುಗಳು ತಲೆಯೆತ್ತಿದವು. ನಗರದಲ್ಲಿ ಕಾಲೇಜು ತೆರೆದರೆ ಹಣವೂ ಹೆಸರೂ ಬೇಗ ಬರುತ್ತವೆ. ಬಾಗೇಪಲ್ಲಿಯಂತಹ ಸ್ಥಳದಲ್ಲಿ ತೆರೆದರೆ ಬರುವುದು ಜವಾಬ್ದಾರಿ ಮಾತ್ರ. ಅವರು ಆ ಜವಾಬ್ದಾರಿಯನ್ನು ಬಯಸಿ ಹೊತ್ತುಕೊಂಡರು. ಪ್ರವೇಶಕ್ಕಾಗಿ ವಂತಿಗೆಯ ಹೆಸರಿನಲ್ಲಿ ಹಣ ಪಡೆಯುವ ಪದ್ಧತಿ ನಾಡಿನಲ್ಲಿ ಬೇರೂರುತ್ತಿದ್ದಾಗ ಅವರು ಅದನ್ನು ಕಟುವಾಗಿ ವಿರೋಧಿಸಿದರು. ಬಸ್ಸಿನ ಹಣವಿಲ್ಲದೆ ನಡೆದು ಬಂದವರಿಗೆ ಹಣದ ಬಲದಿಂದ ತೆರೆಯುವ ಬಾಗಿಲು ಹಿಡಿಸದೆ ಹೋದುದು ಸಹಜ.

ತಾವು ಹುಟ್ಟಿದ ಹೊಸೂರನ್ನು ಅವರು ಮರೆಯಲಿಲ್ಲ. ಪ್ರೌಢಶಾಲೆಯಿಲ್ಲದ ಕಾರಣ ತಮ್ಮ ಓದು ಎಲ್ಲಿ ನಿಂತುಹೋಗಬಹುದಾಗಿತ್ತೋ ಆ ಊರಿನಲ್ಲಿಯೇ ನ್ಯಾಷನಲ್ ಹೈಸ್ಕೂಲು ಸ್ಥಾಪನೆಯಾಯಿತು. ಆ ಸೀಮೆಯ ಮಕ್ಕಳು ಪ್ರೌಢಶಾಲೆಗಾಗಿ ಬೆಂಗಳೂರಿಗೆ ನಡೆಯಬೇಕಾದ ಅಗತ್ಯ ಮುಂದೆ ಉಳಿಯಲಿಲ್ಲ. ತಾನು ಹತ್ತಿದ ಏಣಿಯನ್ನು ಒದ್ದುಬಿಡುವವರು ಲೋಕದಲ್ಲಿ ಬಹಳ ಮಂದಿ. ಹಿಂದೆ ಬರುವವರಿಗಾಗಿ ಅದನ್ನು ಗಟ್ಟಿಮಾಡಿ ನಿಲ್ಲಿಸಿದವರಲ್ಲಿ ನರಸಿಂಹಯ್ಯನವರೂ ಒಬ್ಬರು.

ಅವರ ಸೇವೆಯನ್ನು ಗುರುತಿಸಿ ಭಾರತ ಸರ್ಕಾರವು ೧೯೮೪ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು. ವಿಧಾನ ಪರಿಷತ್ತಿನ ಸದಸ್ಯರಾಗಿ, ಕರ್ನಾಟಕ ಜಾನಪದ ಮತ್ತು ಯಕ್ಷಗಾನ ಅಕಾಡೆಮಿಯ ಅಧ್ಯಕ್ಷರಾಗಿಯೂ ಅವರು ಕೆಲಸ ಮಾಡಿದರು. ವಿಜ್ಞಾನಿಯೊಬ್ಬರು ಜಾನಪದ ಕಲಾವಿದರ ಹಿತಕ್ಕಾಗಿ ದುಡಿದುದು ಅವರ ಮನಸ್ಸಿನ ವೈಶಾಲ್ಯಕ್ಕೆ ಸಾಕ್ಷಿ. ಅವರ ವೈಚಾರಿಕ ಲೇಖನಗಳು ತೆರೆದ ಮನ ಎಂಬ ಹೆಸರಿನಲ್ಲಿಯೂ, ಆತ್ಮಕಥೆಯು ಹೋರಾಟದ ಹಾದಿ ಎಂಬ ಹೆಸರಿನಲ್ಲಿಯೂ ಪ್ರಕಟವಾಗಿವೆ. ವಿದ್ಯಾರ್ಥಿಗಳು ಈ ಎರಡು ಪುಸ್ತಕಗಳನ್ನು ಅವಶ್ಯವಾಗಿ ಓದಬೇಕು.

ಕೊನೆಯ ದಿನಗಳು

ವೃದ್ಧಾಪ್ಯದಲ್ಲಿಯೂ ನರಸಿಂಹಯ್ಯನವರು ವಿದ್ಯಾರ್ಥಿನಿಲಯದ ಕೊಠಡಿಯನ್ನು ಬಿಡಲಿಲ್ಲ. 'ಒಂಟಿತನ' ಎಂಬುದು ಅವಿವಾಹಿತರಾದ ವೃದ್ಧರನ್ನು ಕಾಡುವ ದೊಡ್ಡ ವ್ಯಾಧಿ. ಪ್ರತಿವರ್ಷ ಹೊಸ ಹುಡುಗರ ತಂಡವೊಂದು ಬಂದು ಸೇರುತ್ತಿದ್ದ ಆ ನಿಲಯದಲ್ಲಿ ಅವರ ಸುತ್ತಲೂ ಸದಾ ಇದ್ದುದು ತಾರುಣ್ಯದ ಗಲಭೆ. ತಂದೆ ಓದಿದ ಕಾಲೇಜಿಗೆ ಮಗ ಬಂದು ಸೇರಿದಾಗಲೂ ಆ ಕೊಠಡಿಯಲ್ಲಿ ಅವರೇ ಇದ್ದರು. ಅವರ ಕೈಕೆಳಗೆ ಓದಿದವರು ವಿಜ್ಞಾನಿಗಳಾಗಿ, ವೈದ್ಯರಾಗಿ, ಕಲಾವಿದರಾಗಿ, ಅಧ್ಯಾಪಕರಾಗಿ ನಾಡಿನ ಎಲ್ಲ ಮೂಲೆಗಳಲ್ಲಿಯೂ ಹರಡಿಕೊಂಡರು.

೨೦೦೫ರ ಜನವರಿ ೩೧ರಂದು ಅವರು ನಿಧನರಾದರು. ಎಂಬತ್ತನಾಲ್ಕು ವರ್ಷಗಳ ತುಂಬುಜೀವನ ಅವರದು. ಬಿಟ್ಟುಹೋದ ಆಸ್ತಿಯೆಂದರೆ ಅವರು ಕಟ್ಟಿದ ಸಂಸ್ಥೆಗಳು ಮತ್ತು ಅಲ್ಲಿ ರೂಪುಗೊಂಡ ಸಹಸ್ರಾರು ಜೀವನಗಳು. ಬುಧವಾರದ ಉಪನ್ಯಾಸಗಳ ಪರಂಪರೆ ಅವರ ಕಾಲದ ಬಳಿಕವೂ ಮುಂದುವರಿಯಿತು. ೨೦೨೦ರಲ್ಲಿ ಅವರು ಜನಿಸಿ ನೂರು ವರ್ಷಗಳು ತುಂಬಿದವು.

ನರಸಿಂಹಯ್ಯನವರ ಚರಿತ್ರೆಯಿಂದ ವಿದ್ಯಾರ್ಥಿಗಳು ಕಲಿಯಬೇಕಾದ ಸಂಗತಿಗಳು ಹಲವಿವೆ. ಬಡತನವು ವಿದ್ಯೆಗೆ ಅಡ್ಡಿಯಾದರೂ ಅಂತಿಮವಾದ ಗೋಡೆಯಲ್ಲವೆಂಬುದು ಮೊದಲನೆಯದು. ವಿದ್ಯೆಯಿಂದ ಬಂದ ಪದವಿ ಬದುಕಿನ ಸರಳತೆಯನ್ನು ಕಸಿದುಕೊಳ್ಳಬೇಕಾಗಿಲ್ಲವೆಂಬುದು ಎರಡನೆಯದು. ಮೂರನೆಯದು ಇವೆರಡಕ್ಕಿಂತಲೂ ಮುಖ್ಯವಾದುದು. ವಿದ್ಯಾರ್ಥಿನಿಲಯದಲ್ಲಿ ಇಂದು ವಾಸವಾಗಿರುವ ಪ್ರತಿಯೊಬ್ಬ ಹಿರಿಯ ವಿದ್ಯಾರ್ಥಿಯ ಪಕ್ಕದ ಚಾಪೆಯ ಮೇಲೆ ಊರನ್ನು ನೆನೆದು ಮೌನವಾಗಿ ಮಲಗಿರುವ ಕಿರಿಯನೊಬ್ಬನಿದ್ದಾನೆ. ಅವನು ಉಂಡನೇ, ಅವನಿಗೆ ಪಾಠ ತಿಳಿಯಿತೇ, ಅವನ ಮನೆಯಿಂದ ಕಾಗದ ಬಂದಿತೇ ಎಂದು ವಿಚಾರಿಸುವುದಕ್ಕೆ ಯಾವ ಪದವಿಯೂ ಬೇಕಾಗಿಲ್ಲ. ಆ ವಿಚಾರಣೆಯಿಂದಲೇ ದಾಸೋಹ ಆರಂಭವಾಗುತ್ತದೆ. ಅದನ್ನು ಆರು ದಶಕಗಳ ಕಾಲ ಬೇಸರವಿಲ್ಲದೆ ನಡೆಸಿದ ಹಿರಿಯರ ಸ್ಮರಣೆ ನಿಲಯಗಳಲ್ಲಿ ಓದುವ ಮಕ್ಕಳಿಗೆ ದಾರಿದೀಪವಾಗಲಿ.